ಹೊಗೆಸೊಪ್ಪಿನ ಎಲೆ ಓದಿದ್ದು

ಲೆದಾವಾ ಹೊಳೆಯ ಹತ್ತು ಲೀಟರ್ ನೀರು
ಹಿಂದಿನ ಸೀಟಿನಲ್ಲಿ ಕೂತು ಲ್ಯೂಬ್ಲಿಯಾನಾಕ್ಕೆ ಬಂತು,
ಬೆಲ್ಟು ಕಟ್ಟಿಸಿಕೊಂಡು, ಒಳ್ಳೆಯ ಮಗುವಿನ ಹಾಗೆ.
ತಿರುವಿನಲ್ಲಿ ಮಾತ್ರ ಗುಳುಗುಳು ಅಂದಿತು.
ಕನ್ನಡಿಯಲ್ಲಿ ನೋಡಿದೆ: ತಿಳಿಯಾಗಿತ್ತು,
ಬೊಗಸೆಯೊಡ್ಡುವಷ್ಟು.

ವ್ಲಾಸ್ತಾ ಕೋಲ್ಮಾನಿಚ್ ಫೋನಿನಲ್ಲಿ ಹೇಳಿದ್ದಳು:
"ಬೀಜ ಹೊಸದು, ಮಣ್ಣು ಹೊಸದು,
ಗಾಜಿನ ಮನೆಯ ಸಂದಿಗೆಲ್ಲ ಬಲೆ ಬಿಗಿದಿದ್ದೇನೆ,
ಒಂದು ಹೇನೂ ನುಸುಳದು.
ಆದರೂ ಮೂರನೇ ಸಾಲಿನಿಂದಾಚೆ
ಎಲೆಗೆ ಚಿಬ್ಬು, ಕಾಯಿಗೆ ಸೊಟ್ಟ ಮೂತಿ.
ಪೇಟೆಯವನು ಬುಟ್ಟಿ ಮುಟ್ಟಿಯೂ ನೋಡಲಿಲ್ಲ."

ನೀರೆಲ್ಲಿಂದ, ಎಂದೆ.
"ಹೊಳೆಯಿಂದ. ಅಪ್ಪನ ಕಾಲದಿಂದಲೂ ಹೊಳೆಯಿಂದ"
ದನಿ ತುಸು ಬಿಗಿಯಾಯಿತು.
ನದಿಯ ಮೂಲ ಕೇಳಬಾರದಂತೆ;
ನನಗೆ ಸಂಬಳ ಕೊಡುವುದು ಅದನ್ನು ಕೇಳುವುದಕ್ಕೇ.

ಇಪ್ಪತ್ತಾರು ವರ್ಷದಿಂದ ಹೊಗೆಸೊಪ್ಪು ಬೆಳೆಸುತ್ತೇನೆ,
ಒಂದು ಸಿಗರೇಟೂ ಸೇದಿದವಳಲ್ಲ.
ಹತ್ತು ಲೀಟರನ್ನು ಸೋಸಿ ಸೋಸಿ ಒಂದು ಚಮಚಕ್ಕಿಳಿಸಿ,
ಎಲೆಗೆ ಅರದ ಧೂಳಿನಂಥ ಹುಡಿ ಉದುರಿಸಿ,
ಬೆರಳದ್ದಿ ಸವರುತ್ತೇನೆ.
ನೋಯುವಷ್ಟು, ಹರಿಯದಷ್ಟು.
ಆ ಗೀರೇ ಬಾಗಿಲು.

ನಾಲ್ಕನೆಯ ದಿನ ಚುಕ್ಕಿ.
ಒಂದು, ಏಳು, ನಲವತ್ತು,
ಎಣಿಸುವುದು ಬಿಟ್ಟೆ.
ಬಂದವನನ್ನು ಬಂದಲ್ಲೇ ಕಟ್ಟಿಹಾಕಲು
ಎಲೆ ತನ್ನ ಮೈಯನ್ನು ಅಷ್ಟಷ್ಟೇ ಸುಟ್ಟುಕೊಂಡಿತ್ತು.
ನಮ್ಮ ಹೊಗೆಸೊಪ್ಪಿಗೆ ಗೊತ್ತು ಆ ವಿದ್ಯೆ.
ಅವಳ ದೊಣ್ಣೆಮೆಣಸಿಗೆ ಗೊತ್ತಿಲ್ಲ,
ಅದು ಅತಿಥಿಯ ಕೈಹಿಡಿದು
ತುದಿಚಿಗುರಿನವರೆಗೂ ಕರೆದೊಯ್ಯುತ್ತದೆ.

ಕತ್ತಲೆ ಕೋಣೆಯ ಪರದೆಯಲ್ಲಿ ತಿನ್ಕಾರಾ ತೋರಿಸಿದಳು:
ಕಡ್ಡಿಗಳು.
ಮುರಿದ ಶ್ಯಾವಿಗೆಯಂತೆ ಚೆಲ್ಲಿಬಿದ್ದವು.
ರೆಕ್ಕೆಯಿಲ್ಲ, ಕಾಲಿಲ್ಲ, ಹಸಿವೂ ಇಲ್ಲ.
ಬದುಕಿದೆ ಅನ್ನಲಾಗದು,
ಸತ್ತಿದೆ ಅಂದರೆ ವ್ಲಾಸ್ತಾ ನಂಬಳು.

ಮೂಲ ಹುಡುಕುತ್ತ ಹೊಳೆಗುಂಟ ಮೇಲಕ್ಕೆ ನಡೆದೆ.
ಒಂದಾದರೂ ಮೆಣಸಿನ ತೋಟ ಸಿಗಬೇಕಿತ್ತು.
ಜೋಳದ ಹೊಲ, ಕೊಕ್ಕರೆ ಗೂಡು ಹೊತ್ತ ಕಂಬ,
ಮತ್ತೆ ಜೋಳ,
ಆಮೇಲೆ ಪಟ್ಟಣದ ಕೊಳಚೆ ಶುದ್ಧಿಮಾಡುವ ಘಟಕ,
ಅದರ ಕೊಳವೆ.
ಕೊಳವೆಯಿಂದ ಮೇಲೆ ತಂದ ನೀರಿಗೆ
ನನ್ನ ಎಲೆ ಒಂದಕ್ಷರ ಬರೆಯಲಿಲ್ಲ.

ಘಟಕದ ಸಿಲ್ವೆಸ್ಟರ್ ಕಾಗದ ಮುಂದಿಟ್ಟ,
ಎಲ್ಲ ಅಂಕಿಯೂ ಕಾನೂನಿನೊಳಗೆ.
"ಮನುಷ್ಯರಿಗೇನೂ ಆಗುವುದಿಲ್ಲ" ಎಂದ.
ನಿಜ.
ಮನುಷ್ಯರಿಗೇನೂ ಆಗುವುದಿಲ್ಲ.

ಶನಿವಾರ ಅಂಗಳದಲ್ಲಿ ಬೊಗ್ರಾಚ್ ಕುದಿಯುತ್ತದೆ,
ಮೂರು ಬಗೆ ಮಾಂಸ, ಆಲೂಗೆಡ್ಡೆ,
ಬಡಿಸಿದ ಮೇಲೆ ಇನ್ನೊಂದು ಚಿಟಿಕೆ ಕೆಂಪು ಮೆಣಸಿನ ಪುಡಿ.
ಆ ಚಿಟಿಕೆಯಲ್ಲಿ ಕಡ್ಡಿ.
ನಾಲಿಗೆ ದಾಟಿ, ಹೊಟ್ಟೆಯ ಹುಳಿ ದಾಟಿ,
ಮಾರುಗಟ್ಟಲೆ ಕರುಳು ದಾಟಿ,
ತೊಟ್ಟಿ ತೊಟ್ಟಿ ಇಳಿದು, ಹೊಳೆ ಸೇರಿ,
ವ್ಲಾಸ್ತಾಳ ಪಂಪು ಎಳೆದಾಗ
ಬೇರಿನ ಬಳಿಗೆ, ಅಂದರೆ ಮನೆಗೆ.
ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ.
ಖಾರ ತಿಂದವರು ಬಿಟ್ಟ ನೀರನ್ನು
ಗಿಡ ಕುಡಿಯಬೇಕು.

ಹೇಳಲು ಹೋದೆ. ಕೆನೆ ತೆಗೆದ ಹಾಲಿನ ಬಕೆಟ್ಟಿನಲ್ಲಿ
ಕೈ ಅದ್ದುತ್ತಿದ್ದಳು, ಮುಟ್ಟಿ ಹರಡದಿರಲಿ ಎಂದು.
ಮೂರು ಸಾಲು ಉಳಿದಿದ್ದವು,
ಮಿಕ್ಕದ್ದು ಹಿತ್ತಲಲ್ಲಿ ಹೊಗೆಯಾಡುತ್ತಿತ್ತು.
ಮರಳಿನ ಹಾಸು ಮಾಡಿಸು, ನೀರು ನಿಧಾನ ಇಳಿಯಲಿ,
ಇಲ್ಲವೇ ಬಾವಿ ತೋಡಿಸು, ಎಂದೆ.
ಖರ್ಚು ಕೇಳಿದಳು. ಹೇಳಿದೆ.
"ಯಾರ ಮೇಲೆ ಸಿಟ್ಟು ಮಾಡಲಿ ನಾನು?
ಊರೆಲ್ಲ ನನ್ನ ಮೆಣಸನ್ನೇ ತಿಂದಿದ್ದು."

ಮೊದಲ ದಿನ ಅವಳ ಮೇಜಿನಲ್ಲಿ
ನಾನೂ ಎರಡು ಬಟ್ಟಲು ತಿಂದಿದ್ದೆ.
ಹೊರಡುವಾಗ ಹಳೆಯ ಫಸಲಿನ ಪುಡಿ,
ಒಂದು ಜಾಡಿ, ಕೈಗಿಟ್ಟಳು. ಬೇಡ ಅನ್ನಲಾಗಲಿಲ್ಲ.
ಭಾನುವಾರ ಸೂಪಿಗೆ ಉದುರಿಸಿದೆ.
ಒಳ್ಳೆಯ ಬಣ್ಣ.

ನಮ್ಮ ಮನೆಯ ನೀರು ಲ್ಯೂಬ್ಲಿಯಾನಿತ್ಸಾ ಸೇರುತ್ತದೆ,
ಅದು ಸಾವಾ ನದಿಯನ್ನು.
ಅಲ್ಲಿಂದ ಕೆಳಗೆ ಯಾರ ತೋಟವೋ,
ಕೇಳಿಲ್ಲ ಇನ್ನೂ.